ಹೊಡೆದ ಮೇಲೆ ಕರೆದುಕೊಂಡು ಬನ್ನಿ

ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸೊಬ್ಬರು ಗಂಡನ ಕುಡಿತ ಬಿಡಿಸಲೆಂದು ಆಸ್ಪತ್ರೆಗೆ ಹೊರಟಾಗ, ಜೊತೆಗೊಬ್ಬರಿರಲಿ ಎಂದು ನನ್ನನ್ನೂ ಆಟೋ ಹತ್ತಿಸಿಕೊಂಡರು. ಆಸ್ಪತ್ರೆಯ ಗೇಟಿನ ತನಕ ಯಾವ ತಕರಾರೂ ಇರಲಿಲ್ಲ. ಗೇಟಿನ ಬಳಿ ಆತ ಆಟೋದ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದವನು ಬಿಡಲೇ ಇಲ್ಲ. ಬೆಳಗಿನ ಹತ್ತು ಗಂಟೆಗೆ ಕಾಫಿ ಲೋಟ ಹಿಡಿಯಲಾಗದೆ ನಡುಗುವ ಆ ಕೈಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಕೊನೆಗೆ ಅವನನ್ನು ಆಟೋದವನ ಸುಪರ್ದಿಗೆ ಬಿಟ್ಟು, ಚೀಟಿ ಮಾಡಿಸಿ, ಸರದಿ ಬಂದಾಗ ನಾವಿಬ್ಬರೇ ವೈದ್ಯರ ಮುಂದೆ ಕುಳಿತೆವು.

"ಪೇಷೆಂಟ್ ಎಲ್ಲಿ?"

"ಆಟೋದಲ್ಲಿದ್ದಾರೆ. ಇಳಿಯುತ್ತಿಲ್ಲ."

"ಇತ್ತೀಚೆಗೆ ನಿಮ್ಮನ್ನು ಹೊಡೆದಿದ್ದಾರೆಯೇ?"

ಆಕೆ ಸ್ವಲ್ಪ ಯೋಚಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಈಚೆಗೆ ಇಲ್ಲ. ಹೊಡೆಯುವ ಶಕ್ತಿ ಎಲ್ಲಿದೆ?" ಎಂದರು.

"ಸಾಯುತ್ತೇನೆಂದು ಹೆದರಿಸಿದ್ದಾರೆಯೇ? ಊಟ, ಸ್ನಾನ?"

"ಹಾಗೆಲ್ಲ ಹೇಳುವವರಲ್ಲ. ಊಟ, ಸ್ನಾನ ನಾನು ಮಾಡಿಸುತ್ತೇನೆ."

ವೈದ್ಯರು ಪೆನ್ನು ಕೆಳಗಿಟ್ಟರು. ಸೌಜನ್ಯದ ಮನುಷ್ಯ, "ಹೊಡೆದ ಮೇಲೆ ಕರೆದುಕೊಂಡು ಬನ್ನಿ" ಎಂದು ಬಾಯಿಬಿಟ್ಟು ಹೇಳಲಿಲ್ಲ. ಕಾಯ್ದೆ ಹೇಳುವುದು ಹೆಚ್ಚುಕಡಿಮೆ ಅದನ್ನೇ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನಃಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಒಲ್ಲದವನನ್ನು ದಾಖಲಿಸಿಕೊಳ್ಳಬೇಕಾದರೆ, ಅದರ 89ನೇ ಕಲಮಿನಂತೆ, ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅವನು ತನಗೆ ಹಾನಿ ಮಾಡಿಕೊಳ್ಳುವ ಬೆದರಿಕೆ ಹಾಕಿರಬೇಕು, ಇಲ್ಲವೇ ಇನ್ನೊಬ್ಬರ ಮೇಲೆ ಕೈಮಾಡಿರಬೇಕು ಅಥವಾ ಅವರು ಹೆದರುವಂತೆ ನಡೆದುಕೊಂಡಿರಬೇಕು, ಅದೂ ಇಲ್ಲವೆಂದರೆ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದಿರಬೇಕು. ಇಷ್ಟೆಲ್ಲ ಕೂಡಿಬಂದರೆ 30 ದಿನ. ಗಂಡನಿಗೆ ಹೊತ್ತುಹೊತ್ತಿಗೆ ಅನ್ನ ಬಡಿಸಿ ಬಟ್ಟೆ ಒಗೆದುಕೊಟ್ಟ ತಪ್ಪಿಗೆ ನಮ್ಮ ಬೀದಿಯ ಹೆಂಗಸಿನ ಅರ್ಜಿ ಮೂರನೆಯ ಷರತ್ತಿನಲ್ಲಿಯೂ ಬಿದ್ದುಹೋಯಿತು.

ಇನ್ನು ಆ ಪ್ರತಿನಿಧಿ ಯಾರು? ವಯಸ್ಕನಾದ ಯಾರನ್ನು ಬೇಕಾದರೂ, ಅವನು ಒಪ್ಪಿದರೆ, ಬಿಳಿ ಹಾಳೆಯೊಂದರ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ನೇಮಿಸಿಕೊಳ್ಳಬಹುದು. ಹೆಂಡತಿಯೇ ಆಗಬೇಕೆಂದೇನೂ ಇಲ್ಲ. ಪ್ರತಿ ಸಂಜೆ ಎದುರು ಕುಳಿತು ಸೋಡಾ ಬೆರೆಸಿಕೊಡುವ ಗೆಳೆಯನಿಗಿಂತ ತನ್ನ ಹಿತ ಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲವೆಂದು ಕುಡಿಯುವವನು ನಂಬಿದರೆ, ಅದಕ್ಕೂ ಒಂದು ಬಿಳಿ ಹಾಳೆ ಸಾಕು.

ಈ ಕಾವಲುಗಳು ಸುಮ್ಮನೆ ಬಂದವಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿಸಿಕೊಂಡು ಮಲಗಿದ್ದವರು ಬೆಂಕಿಗೆ ಸಿಕ್ಕು 28 ಜನ ಸತ್ತ ದೇಶ ಇದು; ಒಬ್ಬ ಮನುಷ್ಯನನ್ನು ಒಳಗೆ ಕೂಡಿಹಾಕುವ ಮೊದಲು ಹತ್ತು ಸಲ ಯೋಚಿಸಿ ಎಂದು ಕಾಯ್ದೆ ಹೇಳಿದರೆ ನನ್ನ ತಕರಾರಿಲ್ಲ. ನನಗೆ ಸೋಜಿಗವಾಗುವುದು ಇಷ್ಟೊಂದು ಎಚ್ಚರಿಕೆಯನ್ನೆಲ್ಲ ಆಸ್ಪತ್ರೆಯ ಬಾಗಿಲಿಗೇ ಸುರಿದುಬಿಟ್ಟು, ಅಂಗಡಿಯ ಬಾಗಿಲಿಗೆ ಒಂದು ಹನಿಯನ್ನೂ ಉಳಿಸದಿರುವ ಬಗ್ಗೆ. ಏಕೆಂದರೆ ಕರ್ನಾಟಕದಲ್ಲಿ ಕಡ್ಡಾಯವೆಂಬುದು ನಿಜವಾಗಿ ಇರುವುದು ಆ ಕಡೆಯಲ್ಲಿ. 2003ರಿಂದ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರದ ನಿಗಮವೇ ನಡೆಸುತ್ತದೆ. ಅದರ ಹೆಸರು ಪಾನೀಯ ನಿಗಮ, ಬೇಸಿಗೆಯಲ್ಲಿ ಪಾನಕ, ಮಜ್ಜಿಗೆ ಹಂಚುವ ಸಂಸ್ಥೆಯ ಹಾಗೆ. ಚಿಲ್ಲರೆಗೆ ಎಂಎಸ್‌ಐಎಲ್ ಮಳಿಗೆಗಳಿವೆ, ಅವೂ ಸರ್ಕಾರದವೇ. ಇಷ್ಟು ಪೆಟ್ಟಿಗೆ ಎತ್ತಲೇಬೇಕೆಂದು ಇಲಾಖೆ ಒತ್ತಡ ಹೇರುತ್ತಿದೆ ಎಂದು ಸನ್ನದುದಾರರು ಆಗಾಗ ಗೋಳಾಡುತ್ತಾರೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ನಿಗದಿಯಾದ ಗುರಿ 40,000 ಕೋಟಿ ರೂಪಾಯಿ. ಗೃಹಲಕ್ಷ್ಮಿಗೆ ಆ ವರ್ಷ ತೆಗೆದಿಟ್ಟ 28,608 ಕೋಟಿಯನ್ನು ಕೊಟ್ಟ ಮೇಲೂ ಕೈಯಲ್ಲಿ ಉಳಿಯುವಷ್ಟು. ನಮ್ಮ ಆಟೋದ ಮಹಾಶಯನಿಗೆ ಈ ಲೆಕ್ಕ ಬಾಯಿಪಾಠ: "ನಿನ್ನ ಖಾತೆಗೆ ಬರುವ ಎರಡು ಸಾವಿರ ಯಾರದೆಂದುಕೊಂಡೆ? ನಾನು ಕಟ್ಟಿದ್ದನ್ನೇ ಸರ್ಕಾರ ನಿನಗೆ ವಾಪಸು ಕೊಡುತ್ತಿದೆ" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಳ್ಳುತ್ತಾನೆ. 2025ರ ಮಾರ್ಚ್‌ನಲ್ಲಿ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪನವರು ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದು ವಿಧಾನಸಭೆಯಲ್ಲಿಯೇ ಕೇಳಿದಾಗ ಜನ ನಕ್ಕರು. ನಗಬಾರದಿತ್ತು. ಅದು ಲಾಭಾಂಶದ ಬೇಡಿಕೆ.

ಸಂವಿಧಾನದ 47ನೇ ವಿಧಿಯ ಪ್ರಕಾರ ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು. ಪ್ರಯತ್ನದ ಕುರುಹಾಗಿ ಮದ್ಯಪಾನ ಸಂಯಮ ಮಂಡಳಿಯೊಂದಿದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ನಮ್ಮಲ್ಲಿ ಹಳೆಯ ಮಾತು. ಆದರೆ ಚಿವುಟುವ ಇಲಾಖೆಗೆ ವರ್ಷವರ್ಷವೂ ಏರುವ ಗುರಿಯನ್ನಿಟ್ಟು, ತೂಗುವ ಮಂಡಳಿಗೆ ಯಾವ ಗುರಿಯನ್ನೂ ಇಡದಿರುವುದು ನಮ್ಮ ಕಾಲದ ಸುಧಾರಣೆ.

ಬಾಟಲಿಯ ಬದಲು ಪೊಟ್ಟಣ ಹಿಡಿದವನ ಪಾಡು ಬೇರೆ. 1985ರ ಮಾದಕ ವಸ್ತು ಕಾಯ್ದೆ ಸೇವನೆಯನ್ನೇ ಅಪರಾಧವೆನ್ನುತ್ತದೆ, ಒಂದು ವರ್ಷದವರೆಗೆ ಜೈಲು ಇದೆ. ಆದರೆ ವ್ಯಸನಿಯಾದವನು ಸ್ವಇಚ್ಛೆಯಿಂದ ಚಿಕಿತ್ಸೆ ಬಯಸಿದರೆ 64ಎ ಕಲಮಿನಡಿ ವಿನಾಯಿತಿಯೂ ಇದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಒಂದು ಕಡೆ ಸೆಲ್ಲಿನ ಕಂಬಿ, ಇನ್ನೊಂದು ಕಡೆ ವಾರ್ಡಿನ ಕಿಟಕಿ ತೋರಿಸಿ ಕೇಳುವ ಈ ಸ್ವಇಚ್ಛೆಯ ಉಸ್ತುವಾರಿ ಹೊತ್ತಿರುವುದು ಕೇಂದ್ರದ ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. ಅಂತೂ ನಶೆ ಯಾವುದೇ ಆಗಲಿ, ಕಡತ ಕೊನೆಗೆ ಸೇರುವುದು ಹಣ ಎಣಿಸುವವರ ಮೇಜನ್ನೇ.

ಕಾಯ್ದೆ ಸಡಿಲಾಗಲಿ, ಕುಡುಕರನ್ನೆಲ್ಲ ಹಿಡಿದು ಬಲವಂತವಾಗಿ ಚಿಕಿತ್ಸೆ ಕೊಡಿಸಲಿ ಎಂದು ಟಿವಿ ಚರ್ಚೆಗಳಲ್ಲಿ ಗುಡುಗುವವರನ್ನು ಕೇಳುವಾಗ ನನಗೆ ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿ ನೆನಪಾಗುತ್ತದೆ. ಹಿಡಿದು ತಂದು ಎಲ್ಲಿ ಮಲಗಿಸುವುದು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು 180 ಜನರಲ್ಲಿ ಒಬ್ಬರಿಗೆ. ತಾವಾಗಿಯೇ ಕೈಮುಗಿದು ಬಂದವರಿಗೇ ಮಂಚವಿಲ್ಲ. ಈ ಖಾಲಿ ಜಾಗವನ್ನು ಖಾಸಗಿ ವ್ಯಾನುಗಳು ತುಂಬಿವೆ. ಒಂದು ಫೋನು ಮಾಡಿದರೆ ಸಾಕು, ಇಬ್ಬರು ತಜ್ಞರ ಬದಲು ನಾಲ್ವರು ದಾಂಡಿಗರು ನಸುಕಿನಲ್ಲಿ ಮನೆಗೇ ಬಂದು, ಮಲಗಿದ್ದವನನ್ನು ಚಾಪೆಯ ಸಮೇತ ಎತ್ತಿಕೊಂಡು ಹೋಗುತ್ತಾರೆ. ವರ್ಷಗಟ್ಟಲೆ ಕುಡಿದವನಿಗೆ ಮದ್ಯ ಥಟ್ಟನೆ ನಿಂತರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬರಬಹುದು, ಸಾವೂ ಬರಬಹುದು. ಔಷಧಿ ಬೇಕು, ಥಯಾಮಿನ್ ಎಂಬ ಜೀವಸತ್ವ ಬೇಕು, ಕಣ್ಣಿಟ್ಟು ನೋಡುವ ವೈದ್ಯರು ಬೇಕು. ನೋಂದಣಿಯಿಲ್ಲದ ಶೆಡ್ಡಿನಲ್ಲಿ ಸಿಗುವುದು ತಣ್ಣೀರು ಮತ್ತು ಬೆತ್ತ.

ಹೀಗಾಗಿ ತಿದ್ದುಪಡಿಗೆ ನನ್ನದೂ ಒಂದು ಕರಡು. ಕಾಯ್ದೆಯ ಒಂದು ಅಕ್ಷರವನ್ನೂ ಬದಲಿಸುವುದು ಬೇಡ, ಅದನ್ನು ಆಸ್ಪತ್ರೆಯಿಂದ ಎತ್ತಿ ಅಬಕಾರಿ ಡಿಪೋದ ಬಾಗಿಲಿಗೆ ಅಂಟಿಸಿದರೆ ಸಾಕು. ಒಂದು ಕ್ವಾರ್ಟರ್ ಮಾರುವ ಮೊದಲು ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ, ಗಿರಾಕಿ ಇತ್ತೀಚೆಗೆ ಯಾರನ್ನೂ ಹೆದರಿಸಿಲ್ಲ, ಮಗಳ ಕಾಲೇಜು ಫೀಸಿಗೆ ಕೈಹಾಕಿಲ್ಲ ಎಂದು ಬರೆದುಕೊಡಲಿ. ಗುರಿಯನ್ನು ಏರಿಸಬೇಕೆಂಬ ಹಂಬಲ ಯಾವ ಅಧಿಕಾರಿಯಲ್ಲಿಯಾದರೂ 30 ದಿನ ಮೀರಿ ಉಳಿದರೆ ಅವರ ಪ್ರಕರಣ ಅದೇ ಕಾಯ್ದೆಯ ಪುನರ್ವಿಮರ್ಶಾ ಮಂಡಳಿಯ ಮುಂದೆ ಹೋಗಲಿ. ಹೊಸ ಅಂಗಡಿ ತೆರೆಯಲು ಆ ಊರಿನ ನಾಮನಿರ್ದೇಶಿತ ಪ್ರತಿನಿಧಿಗಳ ಒಪ್ಪಿಗೆ ಬೇಕೆಂದಾಗಲಿ. ಆ ಪ್ರತಿನಿಧಿಗಳನ್ನು ಹುಡುಕುವುದು ಕಷ್ಟವಲ್ಲ: 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದೇ ಬಂದಿದ್ದರು.

ಅಂದು ವೈದ್ಯರು ಒಂದು ಚೀಟಿಯಲ್ಲಿ ಮಾತ್ರೆ ಬರೆದು, ಮುಂದಿನ ಸಲ ಪೇಷೆಂಟನ್ನು ಒಪ್ಪಿಸಿ ಕರೆತನ್ನಿ ಎಂದರು. ಹೊರಗೆ ಬಂದಾಗ ಆತ ಇನ್ನೂ ಕಂಬಿ ಹಿಡಿದೇ ಕುಳಿತಿದ್ದ. ವೇಟಿಂಗ್ ಚಾರ್ಜು ಇನ್ನೂರು ದಾಟಿತ್ತು. ಮರಳುವ ದಾರಿಯಲ್ಲಿ ಸಿಗ್ನಲ್ ಬಿತ್ತು. ಪಕ್ಕದಲ್ಲೇ ವೈನ್ ಶಾಪ್ ಇತ್ತು. ಆತ ಕಂಬಿ ಬಿಟ್ಟು ಕೆಳಗಿಳಿದು, ಅಂಗಿ ಸರಿಮಾಡಿಕೊಂಡು, ಯಾರ ಬಲವಂತವೂ ಇಲ್ಲದೆ ಸರದಿಯಲ್ಲಿ ಹೋಗಿ ನಿಂತ.