ಹೊಟ್ಟೆಯೊಳಗಿನ ಪಾಲು

ಮೊನ್ನೆ ಮಂಡ್ಯದಲ್ಲೊಂದು ಬೀಗರೂಟ. ಎದುರು ಸಾಲಿನ ಅಜ್ಜಿಯೊಬ್ಬರು ನನ್ನನ್ನ ತೋರಿಸಿ ಪಕ್ಕದವರಿಗೆ, "ಅವಳಿ ಕಣವ್ವಾ. ಆ ಗಂಡು ಮಗೀನ ಪಾಲ್ನ ಬುದ್ಧೀನೂ ಇವ್ಳೇ ನುಂಗ್ಕಂಡ್ ಹುಟ್ಟವ್ಳೆ" ಅಂದರು. ಪಿಸುಮಾತೇ. ಆದರೆ ಮಂಡ್ಯದ ಪಿಸುಮಾತು, ಮೂರು ಪಂಕ್ತಿಗೆ ಕೇಳಿಸುತ್ತೆ.

ನನಗಿದು ಹೊಸದಲ್ಲ. ಅಣ್ಣನಿಗೆ ಆಟಿಸಂ, ಅಂದರೆ ಮಾತು, ಒಡನಾಟ ಬೇರೆ ಮಕ್ಕಳ ಹಾಗೆ ಬೆಳೆಯದ ಹುಟ್ಟು ಸ್ಥಿತಿ. ನನಗಿಂತ ಏಳು ನಿಮಿಷ ದೊಡ್ಡವನು, ಆ ಏಳು ನಿಮಿಷಕ್ಕೆ ಜೀವಮಾನವಿಡೀ ಅಣ್ಣ ಅನ್ನಿಸಿಕೊಳ್ತಿದ್ದಾನೆ. ನಾನು ನಡೆದಾಗ, ಮಾತಾಡಿದಾಗ, ಪ್ರತಿ ಸಲವೂ ಜನ ಮೊದಲು ತಿರುಗಿ ನೋಡಿದ್ದು ಅವನ ಕಡೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನ ಎರಡು ದಿನ ಬ್ಯಾಗಲ್ಲೇ ಬಚ್ಚಿಟ್ಟಿದ್ದೆ, ಕದ್ದ ಮಾಲಿನ ಹಾಗೆ.

ಅಮ್ಮನ ಮೇಲಿದ್ದ ಆರೋಪ ಬೇರೆ. ಗ್ರಹಣದ ದಿನ ಹೊರಗೆ ಬಂದಳಂತೆ, ಮಗನ್ನ ಎತ್ತಿ ಆಡಿಸಲಿಲ್ಲವಂತೆ. ನಮ್ಮೂರಲ್ಲಿ ಮಾತ್ರ ಹೀಗೆ ಅಂದ್ಕೋಬೇಡಿ, ತಾಯಿಗೆ ಮಮತೆ ಸಾಲದ್ದಕ್ಕೇ ಆಟಿಸಂ ಬರುತ್ತೆ ಅಂತ ವಿದೇಶದ ಡಾಕ್ಟರುಗಳೂ ಒಂದು ಕಾಲಕ್ಕೆ ಬರೆದವರೇ. ಆ ವಾದದ ಬುಡ ಅಲ್ಲಾಡಿಸಿದ್ದರಲ್ಲಿ ಅವಳಿಗಳ ಕೈಯೂ ಇದೆ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅನ್ನೋರು 21 ಅವಳಿ ಜೋಡಿಗಳನ್ನ ಪರೀಕ್ಷಿಸಿದರು. ಎಲ್ಲ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ವಂಶವಾಹಿಗಳು ಒಂದೇ ಇರೋ ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಇತ್ತು. ನಮ್ಮ ಹಾಗೆ ತದ್ರೂಪಿಗಳಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಇಬ್ಬರಿಗಿರಲಿಲ್ಲ. ಅಂದರೆ ಇದು ಬಹುಮಟ್ಟಿಗೆ ವಂಶವಾಹಿಯ ಲೆಕ್ಕ. ಬುದ್ಧಿ ಅನ್ನೋದೇನು ಸೇರಲ್ಲಿ ಅಳೆದು ಹಂಚೋ ರಾಗಿಯಾ?

ವಾರಕ್ಕೊಮ್ಮೆ ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿಗೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗ್ತಿದ್ವಿ. ಒಳಗೆ ಅವನಿಗೆ ಸ್ಪೀಚ್ ಥೆರಪಿ, ಹೊರಗೆ ಬೆಂಚಿನ ಮೇಲೆ ನನಗೆ ಹೋಂವರ್ಕ್. ಐದು ವರ್ಷವಾದರೂ 'ಅಮ್ಮ' ಅನ್ನದವನು ಒಂದು ದಿನ ಕಿಟಕಿ ಕಂಬಿ ಹಿಡಿದು "ಪಾಂಡವಪುರ" ಅಂದ. ಮುಂದಿನ ವಾರ "ಶ್ರೀರಂಗಪಟ್ಟಣ", ಒತ್ತಕ್ಷರ ಒಂದೂ ಬಿಡದೆ. ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತನ್ನ ಸರದಿಗೆ ಇನ್ನೂ ಆರು ತಿಂಗಳು ಕಾದಳು.

ಇಬ್ಬರಿಗೂ ಹದಿನೆಂಟು ತುಂಬಿದ್ದು ಒಂದೇ ದಿನ. ನಾನು ವೋಟರ್ ಐಡಿಗೆ ಅರ್ಜಿ ಹಾಕಿದೆ. ಅಮ್ಮ ಹಾಕಿದ್ದು ಹೆತ್ತ ಮಗನಿಗೇ ಕಾನೂನುಬದ್ಧ ಪೋಷಕಿಯಾಗೋಕೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ, ಆಟಿಸಂನಂಥ ಸ್ಥಿತಿ ಇರೋರಿಗೆ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿ ಪೋಷಕರನ್ನ ನೇಮಿಸುತ್ತೆ. ಅಮ್ಮನ ನಂತರ ಯಾರು ಅನ್ನೋ ಮಾತು ಬಂದರೆ ಮನೆಮಂದಿಯ ಕಣ್ಣೆಲ್ಲ ನನ್ನ ಮೇಲೆ. ಒಬ್ಬರೂ ಬಾಯಿಬಿಟ್ಟು ಕೇಳಿದ್ದಿಲ್ಲ. ನೋಡ್ಕೋತೀನಿ ಕಣ್ರೀ, ಅವನು ನನ್ನಣ್ಣ. ನುಂಗಿದ ಸಾಲ ತೀರಿಸ್ತಿದ್ದೀನಿ ಅಂತ ಮಾತ್ರ ಅಂದ್ಕೋಬೇಡಿ. 'ಎಂಥಾ ತ್ಯಾಗ' ಅಂತ ಹೊಗಳೋರಿಗೂ ಇದೇ ಉತ್ತರ.

ಅವತ್ತು ಬೀಗರೂಟದಲ್ಲಿ ಅಣ್ಣ ನನ್ನ ಪಕ್ಕದಲ್ಲೇ ಇದ್ದ, ವಾಲಗದ ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಕೊಂಡು. ಮುದ್ದೆ ಮುಗಿಸಿದ, ತನ್ನ ಮೊಟ್ಟೆ ತಿಂದ. ಆಮೇಲೆ ನನ್ನೆಲೆಗೆ ಕೈ ಹಾಕಿ ನನ್ನ ಮೊಟ್ಟೆಯನ್ನೂ ಎತ್ತಿ ಬಾಯಿಗೆ ಹಾಕ್ಕೊಂಡ. ಅಜ್ಜಿ ನೋಡ್ತಾನೇ ಇದ್ದರು.