ವಿಡಿಯೊ ಅಸಲಿ, ಮೇಲಿನ ಸಾಲು ನಕಲಿ

ಬೆಳಿಗ್ಗೆ ಏಳಕ್ಕೆ ಹನುಮಂತನಗರದಿಂದ ಅಮ್ಮನ ಫೋನು. "ಪುಟ್ಟಿ, ಇವತ್ತು ಆಫೀಸಿಗೆ ಹೋಗ್ಬೇಡ ಕಣೆ. ಬೆಳ್ಳಂದೂರಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಹೋಗ್ತಿದಾರೆ!" ನಾನಿರುವುದೇ ಬೆಳ್ಳಂದೂರಿನಲ್ಲಿ. ಬಾಲ್ಕನಿಯಲ್ಲಿ ಹಪ್ಪಳ ಒಣಗಿಸುವಂಥ ಬಿಸಿಲು.

ಅಮ್ಮ ಕಳಿಸಿದ ರೀಲ್ ತೆರೆದರೆ 2022ರ ಸೆಪ್ಟೆಂಬರ್‌ನ ನೀರು. ಲ್ಯಾಪ್‌ಟಾಪ್ ಬ್ಯಾಗ್ ಅಪ್ಪಿಕೊಂಡು ಟ್ರ್ಯಾಕ್ಟರ್‌ನಲ್ಲಿ ನಿಂತ ಟೆಕ್ಕಿಗಳು. ಮೇಲೆ ಕೆಂಪಕ್ಷರದಲ್ಲಿ ‘ಇಂದು ಬೆಳಿಗ್ಗೆ’. ಸುಳ್ಳು ಅಷ್ಟೇ, ಎರಡು ಪದ.

ನನ್ನ ಕೆಲಸವೇ ನಕಲಿ ವಿಡಿಯೊ ಹಿಡಿಯುವ ಎಐ ಮಾಡೆಲ್ ಕಟ್ಟುವುದು. ತಡೆಯಲಾಗದೆ ಆ ರೀಲನ್ನು ನಮ್ಮ ಟೀಮಿನ ಮಾಡೆಲ್‌ಗೆ ಕೊಟ್ಟೆ. ‘ಅಸಲಿ’ ಅಂದಿತು. ಬೈಯೋಣ ಅಂದರೆ ಅದು ಹೇಳಿದ್ದೂ ನಿಜವೇ! ಯಾರ ಮುಖವನ್ನೂ ಬದಲಿಸಿಲ್ಲ, ದನಿಯೂ ಕೃತಕವಲ್ಲ. ನಾವು ಕಲಿಸಿದ್ದೇ ಅಷ್ಟು.

ಬೇರೆಯವರು ಜಾಸ್ತಿ ಯೋಚಿಸಿದ್ದಾರೆ. ಚೀನಾದ ಕಿರುವಿಡಿಯೊ ಆ್ಯಪ್‌ಗಳಾದ ಡೌಯಿನ್, ಕುವೈಶೌ ವಿಡಿಯೊಗಳಿಂದ ಕಟ್ಟಿದ, ಸುಳ್ಳು ಸುದ್ದಿ ಹಿಡಿಯಲು ಮಾಡೆಲ್‌ಗಳಿಗೆ ಕಲಿಸುವ ಫೇಕ್‌ಎಸ್‌ವಿ ಡೇಟಾಸೆಟ್‌ನಲ್ಲಿ ಚಿತ್ರದ ಜೊತೆ ಶೀರ್ಷಿಕೆ, ಆಡಿಯೊ, ಕಾಮೆಂಟು, ಹಾಕಿದವರ ಪ್ರೊಫೈಲು ಎಲ್ಲ ಇವೆ. ಅಮ್ಮನ ರೀಲಿನ ಕೆಳಗೂ ಒಬ್ಬ ಪುಣ್ಯಾತ್ಮ ‘ಗುರು ಇದು ಹಳೇದು’ ಅಂತ ಬರೆದಿದ್ದ. ಆದರೆ ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಮಾಡೆಲ್‌ಗೆ ಅದು ಯಾವ ಭಾಷೆಯೋ!

"ಡೀಪ್‌ಫೇಕ್ ಹಿಡಿಯೋದು ಬೇಡ್ವಾ?" ಅಂತಾರೆ ನಮ್ಮ ಮ್ಯಾನೇಜರ್. ಡೀಪ್‌ಫೇಕ್ ಅಂದರೆ ಎಐನಿಂದ ಮುಖ, ದನಿ ಬದಲಿಸಿದ ವಿಡಿಯೊ. ಬೇಕು ಸಾರ್. ಡೆಮೊದಲ್ಲಿ ಚೆನ್ನಾಗಿಯೂ ಕಾಣುತ್ತೆ. ಅಮ್ಮನ ಗ್ರೂಪಿಗೆ ಬರುವುದು ಮಾತ್ರ ಹಳೇ ವಿಡಿಯೊ, ಹೊಸ ಸಾಲು. ಈ ಚಿತ್ರ ಮೊದಲು ಯಾವಾಗ, ಎಲ್ಲಿ ಕಂಡಿತ್ತು ಅಂತ ಹುಡುಕಬೇಕು. ಮೇಲಿನ ಸಾಲಿಗೆ ತಾಳೆಯಾಗುತ್ತದಾ ನೋಡಬೇಕು. ಮೂರು ಮೀಟಿಂಗಿನಲ್ಲಿ ಹೇಳಿ ಸಾಕಾಯಿತು.

2018ರ ಮಕ್ಕಳ ಕಳ್ಳರ ವಿಡಿಯೊ ನೆನಪಿದೆಯಾ? ಕರಾಚಿಯಲ್ಲಿ ಜಾಗೃತಿಗೆಂದು ನಟಿಸಿ ತೆಗೆದದ್ದು. ಬೈಕಿನವರು ತಾವು ಎತ್ತಿಕೊಂಡು ಹೋದ ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಡೀಪ್‌ಫೇಕ್ ಬೇಕಾಗಿರಲಿಲ್ಲ, ಕತ್ತರಿ ಸಾಕಾಗಿತ್ತು. ಆ ವದಂತಿ ಹಬ್ಬಿದ ಮೇ ತಿಂಗಳಲ್ಲೇ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು.

ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಆ ವಿಡಿಯೊ ಹಾಕಿದವಳು ನಾನು. ಮೇಲೆ ‘ಹುಷಾರು, ನಮ್ಮ ಏರಿಯಾಗೂ ಬಂದಿದ್ದಾರೆ’ ಅಂತ ಬರೆದಿದ್ದೂ ನಾನೇ.

ಹಾಗಾಗಿ ಅಮ್ಮನನ್ನು ಬೈಯಲು ಬಾಯಿ ಬರಲಿಲ್ಲ. "ಅದು ಹಳೇದಮ್ಮ" ಅಂದೆ.

"ಇರ್ಲಿ, ಒಂದು ಜೊತೆ ಬಟ್ಟೆ ಬ್ಯಾಗಲ್ಲಿಟ್ಕೊಂಡು ಹೋಗು" ಅಂದಳು.