ಉಡುಪಿಯ ಅಂಗಳಕ್ಕೆ ದುಬೈ ಲಾನ್ ಯಾಕೆ?

ವರ್ಷಕ್ಕೆ 100 ಮಿ.ಮೀ. ಆಸುಪಾಸು ಮಳೆ ಬೀಳುವ ದುಬೈಯಲ್ಲಿ ಲಾನ್ ಹಸಿರಾಗಿರುವುದು ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬರುವುದರಿಂದ. ಅಲ್ಲಿನವರೂ ಈಗ ಘಾಫ್ ಮರವನ್ನು ಮೆರೆಸುತ್ತಿದ್ದಾರೆ. ಯುಎಇ 2019ನ್ನು ಸಹಿಷ್ಣುತಾ ವರ್ಷವೆಂದು ಆಚರಿಸಿದಾಗ ಲಾಂಛನವೇ ಅದು. ಘಾಫ್ ಅಂದರೆ ನಮ್ಮ ಬನ್ನಿ ಮರ. ಆದರೆ ಗಲ್ಫ್ ದುಡ್ಡಿನಲ್ಲಿ ಕಾಪು, ಸುರತ್ಕಲ್ ಕಡೆ ಎದ್ದ ಮನೆಗಳ ಮುಂದೆ ಇರುವುದು ಇಂಟರ್‌ಲಾಕ್ ಇಟ್ಟಿಗೆ, ಕಾರ್ಪೆಟ್ ಹುಲ್ಲು, ಫಾಕ್ಸ್‌ಟೇಲ್ ಪಾಮ್.

ಕರಾವಳಿಯಲ್ಲಿ 4,000 ಮಿ.ಮೀ. ಆಸುಪಾಸು ಮಳೆ ಬಂದರೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ನೀರು ನಿಂತು ಲಾನಿಗೆ ಶಿಲೀಂಧ್ರ ಹಿಡಿಯುತ್ತದೆ. ಏಪ್ರಿಲಿನಲ್ಲಿ ಬಾವಿ ತಳ ಕಾಣುವಾಗ ಅದಕ್ಕೆ ದಿನಾ ನೀರು ಬೇಕು: ಚದರ ಮೀಟರಿಗೆ 5 ಲೀಟರ್ ಹಿಡಿದರೂ ಒಂದು ಸೆಂಟ್ಸ್ (ಸುಮಾರು 40 ಚದರ ಮೀಟರ್) ಲಾನಿಗೆ 200 ಲೀಟರ್. ಊರಿನದೇ ಗಿಡಗಳಾದ ಕೇಪಳ (ಕೆಂಪು ಹೂವಿನ ಪೊದೆ), ರೆಂಜೆ (ಬಕುಳ), ಪುನರ್ಪುಳಿಗೆ (ಕೋಕಂ) ಈ ಎರಡೂ ಕಾಲ ಗೊತ್ತು. ನಾಗಬನಕ್ಕೇ ಕಾಂಕ್ರೀಟು ಸುರಿಯುವ ಊರಿನಲ್ಲಿ ಅಂಗಳದ ಬಗ್ಗೆ ಹೇಳಿ ಏನು ಫಲ ಅನ್ನಿಸುವುದೂ ಉಂಟು.

ಊರಿನ ಗಿಡ ಅಂದಮಾತ್ರಕ್ಕೆ ನೆಟ್ಟು ಮರೆಯಬಹುದು ಎಂದಲ್ಲ. ಇಲ್ಲಿನ ಕೆಂಪು ಮುರಕಲ್ಲಿನ (ಲ್ಯಾಟರೈಟ್) ನೆಲದಲ್ಲಿ ಎರಡಡಿ ಗುಂಡಿ ತೋಡಿ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಅದು ನೀರಿನ ತೊಟ್ಟಿ. ಬೇರು ಕೊಳೆತು ಸಾಯುವ ಗಿಡಗಳೇ ಹೆಚ್ಚು. ತಗ್ಗಿನ ಕಡೆಯ ಅಂಚನ್ನು ಪಿಕ್ಕಾಸಿನಿಂದ ಒಡೆದು ನೀರಿಗೆ ದಾರಿ ಮಾಡಿ. ಎರಡು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಬೆರೆಸಿ ತುಂಬಿ, ಗಿಡದ ಬುಡ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಬರುವಂತೆ ನೆಡಿ. ಜೂನ್ ಮೊದಲ ಮಳೆಗೇ ನೆಟ್ಟರೆ ಬೇಸಗೆಗೆ ಮುಂಚೆ ಬೇರು ಇಳಿಯುತ್ತದೆ; ಸೆಪ್ಟೆಂಬರಿನಲ್ಲಿ ನೆಟ್ಟದ್ದಕ್ಕೆ ಆ ಪುರುಸೊತ್ತಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಇಂಚು ತರಗೆಲೆ ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ಇಲ್ಲದಿದ್ದರೆ ಗೆದ್ದಲಿಗೆ ಸುಲಭ. ಮೊದಲ ಬೇಸಗೆ ವಾರಕ್ಕೆರಡು ಸಲ ಗಿಡಕ್ಕೆ 10 ಲೀಟರ್ ನೀರು.

ಕೇಪಳದ ಬೇಲಿಗೆ ಎರಡಡಿ ಅಂತರ ಸಾಕು. ರೆಂಜೆ ಗೋಡೆಯಿಂದ ಹದಿನೈದು ಅಡಿ ದೂರವಿರಲಿ. ಮಲ್ಪೆಯಂಥ ಕಡಲ ಬದಿಯ ಉಪ್ಪುಗಾಳಿಗೆ ಸುರಹೊನ್ನೆಯಷ್ಟು ಗಟ್ಟಿ ಮರ ಕಡಿಮೆ, ಆದರೆ ಕಾರು ನಿಲ್ಲಿಸುವಲ್ಲಿ ಬೇಡ, ಕಾಯಿ ಉದುರುತ್ತದೆ. ಜಾಗ ಉಳಿದರೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ; ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವ ಬಳ್ಳಿ ಅದು. ಆ ಚಿಟ್ಟೆಯ ಹುಳು ಎಲೆ ತಿಂದರೆ ಔಷಧಿ ಹೊಡೆಯಬಾರದು.

ನರ್ಸರಿಯಲ್ಲಿ ಬರೇ ‘ಅಶೋಕ’ ಎಂದರೆ ಕಂಬದಂತೆ ನೆಟ್ಟಗೆ ಬೆಳೆಯುವ ಗಿಡ ಕೊಡುತ್ತಾರೆ. ಕಿತ್ತಳೆ ಹೂಗೊಂಚಲಿನ ಸೀತಾಶೋಕವೇ ಬೇಕೆಂದು ಹೇಳಿ, ಒಂದೇ ದಂಟಿನಲ್ಲಿ ಜೋಡಿ ಜೋಡಿ ಎಲೆಗಳಿವೆಯೇ ನೋಡಿ ತನ್ನಿ.